ಗೇಟಿನ ಮನೆಯ ಕಿವಿ

ರೈಲ್ವೆ ಗೇಟಿನ ಮನೆ, ಮಾಲೂರು
೧೬-೨-೧೯೩೮

ಡಾಕ್ಟರ್ ಸುಬ್ಬಕೃಷ್ಣಯ್ಯನವರ ಸನ್ನಿಧಾನಕ್ಕೆ, ಗೇಟಿನ ಮನೆ ಆಂಜಿನಮ್ಮ ಮಾಡುವ ನಮಸ್ಕಾರಗಳು.

ಬೆಂಗಳೂರಿನ ಕಿವಿ ಡಾಕ್ಟರಿಗೆ ತಾವು ಒಂದು ಕಾಗದ ಬರೆದುಕೊಡಬೇಕು. ಅದರಲ್ಲಿ ರೋಗಿಯ ಹೆಸರು ನನ್ನದೇ ಇರಲಿ. ನನ್ನ ಕಿವಿ ಚೆನ್ನಾಗಿದೆ. ಕೇಳಿಸದಿರುವುದು ಗೇಟು ಕಾಯುವ ನಮ್ಮ ಯಜಮಾನರಿಗೆ. ಹೇಳಿದರೆ, "ನಂಗೇನೂ ಆಗಿಲ್ಲ ಕಣೇ, ನೀನೇ ಮೆಲ್ಲಗೆ ಮಾತಾಡ್ತೀಯ" ಎಂದು ರೇಗುತ್ತಾರೆ. ನನಗೇ ಕಾಯಿಲೆ ಎಂದರೆ ರಜೆ ಹಾಕಿ ಜೊತೆಗೆ ಬರುತ್ತಾರೆ. ಬಸುರಿಯನ್ನು ಒಬ್ಬಳನ್ನೇ ಕಳಿಸುವವರಲ್ಲ. ಅಲ್ಲಿ ಮೊದಲು ಅವರನ್ನೇ ಕೂರಿಸಿ ನೋಡಲಿ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಅವರಿಗೆ ಕನ್ನಡ ಮಾತ್ರ ಓದಲು ಬರುತ್ತದೆ.

ದಸರೆಯಿಂದ ರೈಲಿನ ಕೂಗು ಕೇಳುತ್ತಿರುವವಳು ನಾನು. ಕೇಳಿದ ಕೂಡಲೇ ಹೊರಗೆ ಹೋಗಿ ಅವರ ತೋಳು ಮುಟ್ಟುತ್ತೇನೆ, ಅವರು ಗೇಟು ಹಾಕುತ್ತಾರೆ. ಯಾಕೆ ಮುಟ್ಟುತ್ತೀಯ ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಹೋದ ಸೋಮವಾರ ನಾನು ನೀರಿಗೆ ಹೋಗಿದ್ದೆ, ಕೊಡ ಹೊತ್ತು ಬರುವಾಗ ದೂರದಿಂದಲೇ ನೋಡಿದೆ. ಇಟ್ಟಿಗೆ ಹೇರಿದ ಎತ್ತಿನ ಗಾಡಿ ಹಳಿ ದಾಟಿದ್ದೇ ತಡ, ಅದರ ಬೆನ್ನಿಗೇ ರೈಲು ಹಾದುಹೋಯಿತು. ಗಾಡಿಯವನು ಬೈದದ್ದೂ ಅವರಿಗೆ ಕೇಳಿಸಲಿಲ್ಲ.

ಇನ್ನು ಎಂಟು ದಿನಕ್ಕೆ ನನ್ನ ಅಣ್ಣ ಶ್ರೀನಿವಾಸಪುರದಿಂದ ಬಂದು ನನ್ನನ್ನು ಬಾಣಂತನಕ್ಕೆ ಕರೆದುಕೊಂಡು ಹೋಗುತ್ತಾನೆ. ಐದು ತಿಂಗಳು ತವರಿನಲ್ಲೇ ಇರಬೇಕು. ಅಣ್ಣ ಬರುವುದರೊಳಗೆ ತಮ್ಮ ಕಾಗದ ಕೈಗೆ ಸಿಗಲಿ. ರೈಲ್ವೆಯವರಿಗೆ ಮಾತ್ರ ತಿಳಿಸಬೇಡಿ, ಕೆಲಸ ಹೋಗುತ್ತದೆ.

ಇನ್ನೂ ಬರೆಯುವುದಿತ್ತು, ಆಗುವುದಿಲ್ಲ. ರೈಲು ಕೂಗುತ್ತಿದೆ. ಅವರು ತೆರೆದ ಗೇಟಿನ ಪಕ್ಕ ಕೂತು ಬೀಡಿ ಹಚ್ಚುತ್ತಿದ್ದಾರೆ.

ಇಂತಿ,
ಆಂಜಿನಮ್ಮ