ಬಚ್ಚಲ ಕಿಟಕಿಯ ಸೀಗಡಿಗಳು

ಭಾನುವಾರ, ಮಧ್ಯಾಹ್ನ

ಸೀಗಡಿ ಸಾಕುವ ಮಹಾಶಯರಿಗೆ,

‘ಸಂಗಾತಿ’ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ. ಮದುವೆಯ ದಿನವೇ ಒಬ್ಬರನ್ನೊಬ್ಬರು ‘ನೀನು’ ಎನ್ನುವುದೆಂದು ಒಪ್ಪಂದ ಮಾಡಿಕೊಂಡವರು ನಾವು. ಇವತ್ತು ನನಗೆ ಬಂದಿರುವ ಸಿಟ್ಟಿಗೆ ನಿನ್ನನ್ನು ತಾವು, ತಮ್ಮ ಎಂದೆಲ್ಲ ಮರ್ಯಾದೆ ಕೊಟ್ಟು ಬೈಯಬೇಕೆನಿಸುತ್ತಿದೆ. ಆದರೆ ಒಪ್ಪಂದ ಮುರಿಯುವವಳು ನಾನಲ್ಲ. ನೀನು ಎಂದೇ ಬರೆಯುತ್ತೇನೆ. ಕೂತು ಓದು.

ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡ. ನೀನು ಮನೆ ಬಿಟ್ಟು ತಮ್ಮನ ಮನೆ ಸೇರಿ ನಾಲ್ಕು ತಿಂಗಳಾಯಿತು. ದಿನಾ ಸಂಜೆ ತಪ್ಪದೆ ಫೋನು ಮಾಡುತ್ತೀಯ. ಸೀಗಡಿ ತೊಟ್ಟಿಯ ಸ್ಪಂಜು ಹಿಂಡಿದೆಯಾ, ಪಾಲಕ್ ಎಲೆ ಬೇಯಿಸಿ ಹಾಕಿದೆಯಾ, ಪೊರೆ ಬಿಟ್ಟವು ಯಾವುವು, ಬಸುರಿಯರು ಎಷ್ಟು. ನಾನು ಮಗಳ ಮದುವೆ ಎಂದು ಬಾಯಿ ತೆರೆದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಸೀಗಡಿಗೆ ಸಿಗುವ ಸಿಗ್ನಲ್ ಮಗಳಿಗೆ ಯಾಕೆ ಸಿಗುವುದಿಲ್ಲವೋ ಆ ಕಂಪನಿಯವರನ್ನೇ ಕೇಳಬೇಕು. ಕಾಗದವನ್ನು ನಡುವೆ ಕತ್ತರಿಸಲಾಗುವುದಿಲ್ಲ. ಹರಿದು ಹಾಕಬಹುದು, ಹಾಕಿದರೆ ತಕ್ಷಣ ನನಗೆ ತಿಳಿಸು ಎಂದು ನಿನ್ನ ತಮ್ಮನ ಹೆಂಡತಿಗೆ ಹೇಳಿಟ್ಟಿದ್ದೇನೆ.

ಪಾಪ, ಅವಳೂ ರೋಸಿದ್ದಾಳೆ. ಅವಳ ಅಡುಗೆ ಕಟ್ಟೆಯ ಮೇಲೆ ಪಾಚಿಯ ಬಾಟಲಿ ಇಟ್ಟುಕೊಂಡಿದ್ದೀಯಂತೆ, ಸುತ್ತಮುತ್ತ ಯಾರೂ ಸೊಳ್ಳೆ ಬತ್ತಿ ಹಚ್ಚಬಾರದೆಂದು ಚೀಟಿ ಅಂಟಿಸಿದ್ದೀಯಂತೆ. “ಭಾವ ಒಳ್ಳೆಯವರೇ ಅಕ್ಕಾ, ಆದ್ರೆ ದಿನಾ ಬೆಳಗಾದ್ರೆ ಒಳ್ಳೆಯವರ ಮುಖಾನೇ ನೋಡ್ತಾ ಇರೋದು ಕಷ್ಟ” ಎಂದಳು. ಇಪ್ಪತ್ತಾರು ವರ್ಷದಿಂದ ನೋಡುತ್ತಿರುವವಳಿಗೆ ಅವಳು ಹೇಳುತ್ತಿದ್ದಾಳೆ.

ಈಗ ನಿನಗೆ ಗೊತ್ತಿರುವುದನ್ನೇ ಒಂದಿಷ್ಟು ಹೇಳುತ್ತೇನೆ. ಯಾಕೆಂದರೆ ನಾನು ನಿಂತ ಕಡೆಯಿಂದ ನೀನು ಅದನ್ನು ಯಾವತ್ತೂ ನೋಡಿಲ್ಲ.

ಹಜಾರದಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ನಿನ್ನ ಗಾಜಿನ ತೊಟ್ಟಿ. ಮೇಲೆ ದೀಪ, ಒಳಗೆ ಪಾಚಿ, ಕಪ್ಪು ಮರಳು, ಸಾಸಿವೆ ಕಾಳಿನಷ್ಟು ಕಣ್ಣಿನ ಕೆಂಪು ಸೀಗಡಿಗಳು. ನಮ್ಮ ಯೂನಿಯನ್ ಬಾವುಟದ ಬಣ್ಣ ಎಂದು ನೀನೇ ಆರಿಸಿ ತಂದೆ. ಮರಿಗಳು ದೊಡ್ಡವಾದಂತೆ ಭೂತಗನ್ನಡಿ ಹಿಡಿದು ಕೂರುತ್ತಿದ್ದೆ. ಕಡುಗೆಂಪು ಇದ್ದವು ಹಜಾರದಲ್ಲಿ ಉಳಿದವು. ಕಂದು ತಿರುಗಿದವು, ಮಾಸಲಾದವು, ಬಣ್ಣ ತಾಳದವು ಪುಟ್ಟ ಬಲೆಯಲ್ಲಿ ಎದ್ದು ಬಚ್ಚಲ ಕಿಟಕಿಯ ಜಾಡಿಗೆ ಬಿದ್ದವು. ಅಲ್ಲಿಂದ ತಿಂಗಳಿಗೊಮ್ಮೆ ಕೆಳಮನೆಯ ಟೈಲರನ ಮೀನಿನ ಬಾಯಿಗೆ. ಆ ಜಾಡಿಗೆ ದೀಪವಿಲ್ಲ, ಗಾಳಿ ಪಂಪಿಲ್ಲ, ಪಾಲಕ್ ಇಲ್ಲ. ಒಂದು ಹಿಡಿ ಪಾಚಿ, ಕಿಟಕಿಯಿಂದ ಬರುವಷ್ಟು ಬೆಳಕು. ತಳಿ ಕಾಯಬೇಕು ಕಣೇ, ಒಂದು ಕಂದು ಒಳಗೆ ಉಳಿದರೆ ಇಡೀ ತೊಟ್ಟಿ ಕೆಡುತ್ತದೆ ಎಂದು ನೀನು ನನಗೆ ಪಾಠ ಹೇಳುತ್ತಿದ್ದೆ. ಮನುಷ್ಯರಲ್ಲಿ ದರ್ಜೆ ಮಾಡುವವರ ವಿರುದ್ಧ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಮನುಷ್ಯ. ನಾನು ಬಟ್ಟೆ ಮಡಚುತ್ತಾ ನಗುತ್ತಿದ್ದೆ. ಹುಚ್ಚು, ಸೀಗಡಿ ತಾನೇ, ಹೋಗಲಿ ಅಂದುಕೊಂಡಿದ್ದೆ.

ಹೋಗಲಿಲ್ಲ. ಮನೆಯೊಳಕ್ಕೆ ಬಂತು.

ಮಗಳು ಬಂದು, ಕಟ್ಟುಹಲ್ಲು ಮಾಡುವ ಒಬ್ಬ ಹುಡುಗನನ್ನು ಮೆಚ್ಚಿದ್ದೇನೆ ಎಂದಾಗ ನಿನ್ನಷ್ಟು ಖುಷಿಪಟ್ಟವರು ಯಾರೂ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿರುವ ಮಗಳು ಕಣ್ಣು ನೋಡಿಕೊಳ್ಳುತ್ತಾಳೆ, ಅಳಿಯ ಹಲ್ಲು ನೋಡಿಕೊಳ್ಳುತ್ತಾನೆ, ಮುಪ್ಪಿಗೆ ಇನ್ನೇನು ಬೇಕು ಎಂದವನು ನೀನೇ. ಅರ್ಧ ಲೋಟ ಚಹಾ ಕುಡಿಯುವಷ್ಟರಲ್ಲಿ ನೀನು ಹುಡುಗನ ಅಪ್ಪ ಯಾರು ಎಂದು ಕೇಳಿದೆ. ನೀವಿದ್ದ ಗಿರಣಿಯ ಬಾಯ್ಲರ್‌ನವನು ಎಂದಳು. ಲೋಟ ಕೆಳಗಿಟ್ಟೆ. ಮುಷ್ಕರ ಮುರಿದವನ ರಕ್ತ ಈ ಮನೆಯ ಹೊಸಿಲು ದಾಟಬಾರದು, ಅವನು ಬಂದರೆ ನಾನಿರುವುದಿಲ್ಲ ಎಂದು ಚೀಲ ತುಂಬಿಕೊಂಡೆ. ಯಾರಾದರೂ ತಡೆಯುತ್ತಾರೆಂದು ಬಾಗಿಲಲ್ಲಿ ಚಪ್ಪಲಿ ಹುಡುಕುವ ನಾಟಕ ಬೇರೆ. ಚಪ್ಪಲಿ ನಿನ್ನ ಕಾಲಲ್ಲೇ ಇತ್ತು.

ಆ ಮುಷ್ಕರ ನಿನ್ನೊಬ್ಬನದೇ ಎಂಬಂತೆ ನಡೆದುಕೊಂಡೆಯಲ್ಲ, ನನಗೆ ಉರಿಯುವುದು ಅದಕ್ಕೆ. ಆ ಗೇಟಿನ ಮುಂದೆ ನಾನೂ ಕೂತಿದ್ದೆ, ಮಗಳನ್ನು ಮಡಿಲಲ್ಲಿ ಹಾಕಿಕೊಂಡು. ಬಾಯ್ಲರ್‌ನವನು ಊಟದ ಡಬ್ಬಿ ಹಿಡಿದು ತಲೆ ತಗ್ಗಿಸಿ ನಮ್ಮ ನಡುವೆಯೇ ಒಳಗೆ ಹೋದದ್ದನ್ನು ನಾನೂ ನೋಡಿದೆ. ಸ್ವಲ್ಪ ಹೊತ್ತಿಗೆ ಚಿಮಣಿಯಲ್ಲಿ ಹೊಗೆ ಎದ್ದಾಗ ಪಕ್ಕದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದದ್ದನ್ನೂ ನೋಡಿದೆ. ನಿನ್ನ ಕೆಲಸ ಹೋಯಿತು, ನನ್ನದೂ ಹೋಯಿತು. ಅಂದಿನಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೇರೆಯವರ ರಕ್ತದ ಕಲೆ ತೊಳೆಯುತ್ತಿದ್ದೇನೆ. ಅದಕ್ಕೇ ರಕ್ತದ ವಿಷಯ ನನಗೆ ಹೇಳಬೇಡ. ಎಲ್ಲರದೂ ಒಂದೇ ಸೋಪಿಗೆ ಹೋಗುತ್ತದೆ.

ಇನ್ನು ನಾನು ಮುಚ್ಚಿಟ್ಟ ವಿಷಯ. ಪಾಚಿಯ ಬಾಟಲಿ ದೂರ ಇಡು.

ನಿನ್ನ ಕೆಂಪು ತಳಿ ಈಗಿಲ್ಲ.

ನೀನು ಹೋದ ತಿಂಗಳೊಳಗೇ ಒಂದು ಸಂಜೆ ಬೀದಿಗೆ ಸೊಳ್ಳೆ ಹೊಗೆ ಹೊಡೆಯುವವರು ಬಂದರು. ನೀನು ಹೇಳಿಕೊಟ್ಟಂತೆಯೇ ಮಾಡಿದೆ. ಕಿಟಕಿ ಹಾಕಿದೆ, ಬಾಗಿಲ ಸಂದಿಗೆ ಬಟ್ಟೆ ತುರುಕಿದೆ, ತೊಟ್ಟಿಯ ಮೇಲೆ ಒದ್ದೆ ಬೆಡ್‌ಶೀಟ್ ಹೊದಿಸಿ, ನನ್ನಷ್ಟು ಜಾಣೆಯಿಲ್ಲ ಎಂದು ಸೊಂಟಕ್ಕೆ ಕೈಯಿಟ್ಟು ನಿಂತೆ. ಆದರೆ ಗಾಳಿ ಪಂಪು ಬಾಲ್ಕನಿಯಲ್ಲಿತ್ತು. ಅದರ ಗುಂಯ್‌ಗುಡುವ ಸದ್ದಿಗೆ ನನಗೆ ನಿದ್ದೆ ಬರುವುದಿಲ್ಲ ಎಂದು ಗಲಾಟೆ ಮಾಡಿದ್ದಕ್ಕೆ ನೀನೇ ಅದನ್ನು ಹೊರಗೆ ಹಾಕಿ, ಗೋಡೆಗೆ ತೂತು ಕೊರೆದು ಕೊಳವೆ ಎಳೆದಿದ್ದೆಯಲ್ಲ. ಹೊರಗಿದ್ದ ಹೊಗೆಯನ್ನೆಲ್ಲ ಅದು ನಿಷ್ಠೆಯಿಂದ ಹೀರಿ ಹೀರಿ ಬೆಡ್‌ಶೀಟಿನ ಕೆಳಗೆ, ಸೀದಾ ನೀರೊಳಕ್ಕೆ ಊದಿತು. ನಾನು ಶೀಟು ಎತ್ತಿದಾಗ ಸೀಗಡಿಗಳು ಗಾಜಿಗೆ ಗಾಜಿಗೆ ಹಾರುತ್ತಿದ್ದವು. ಆಮೇಲೆ ಒಂದೊಂದೇ ಮಗುಚಿಕೊಂಡು, ಕಾಲು ಬಡಿಯುತ್ತಾ ಮರಳಿಗೆ ಬಿದ್ದವು.

ಅದೇ ಸಮಯಕ್ಕೆ ಬಾಗಿಲು ಬಡಿದವರು ಹುಡುಗ ಮತ್ತು ಅವನ ಅಪ್ಪ. ಹೌದು, ನಾನೇ ಕರೆದಿದ್ದೆ. ನೀನಿಲ್ಲದ ಹೊತ್ತು ನೋಡಿ ಕಳ್ಳತನದಿಂದ ಕರೆದೆ ಎನ್ನುತ್ತೀಯ. ನೀನಿದ್ದರೆ ಕರೆಯಲು ಬಿಡುತ್ತಿದ್ದೆಯಾ? ಬಂದವರಿಗೆ ಕೂರಿ ಎನ್ನಲೂ ಆಗಲಿಲ್ಲ. ಸೀಗಡಿಗೆಂದು ಬಾಲ್ಕನಿಯ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರಿಗೂ ಹೊಗೆ ಇಳಿದಿತ್ತು, ಕ್ಲೋರಿನ್ ಬೆರೆತ ನಲ್ಲಿ ನೀರು ಸೀಗಡಿಗೆ ಆಗದು. ಟೈಲರನ ಅಂಗಡಿಯೊಳಗೆ ಮೀನಿಗೆಂದು ಹಿಡಿದಿಟ್ಟ ನೀರಿದೆ ಎಂದು ಮಗಳಿಗೆ ಹೊಳೆಯಿತು. ಬಾಯ್ಲರ್‌ನವನು ನನ್ನ ಕೈಯ ಬಕೆಟ್ ಕಿತ್ತುಕೊಂಡು ಇಳಿದ. ಮೂರು ಮಹಡಿ. ಲಿಫ್ಟು ಕೆಟ್ಟಿತ್ತು, ಅವನ ಮಂಡಿಯೂ ಕೆಟ್ಟಿದೆ. ತಂದ, ಸುರಿದ, ಮತ್ತೆ ಇಳಿದ. ಹುಡುಗ ಹಲ್ಲಿನ ಅಚ್ಚು ಹಿಡಿಯುವ ಹಗುರ ಕೈಯಲ್ಲಿ ಒಂದೊಂದೇ ಸೀಗಡಿಯನ್ನು ಬಲೆಯಿಂದ ಎತ್ತಿ ಬೋಗುಣಿಗೆ ಬಿಟ್ಟ. ಉಳಿದದ್ದು ಬೆರಳೆಣಿಕೆ. ಮಗಳು ನೆಲದ ಮೇಲೆ ಕೂತು ಸತ್ತವನ್ನು ತಟ್ಟೆಗೆ ಆರಿಸುತ್ತಾ ಅಳುತ್ತಿದ್ದಳು. “ಅಪ್ಪಂಗೆ ಹೇಳ್ಬೇಡಮ್ಮಾ. ನನ್ನಿಂದ ಇದೂ ಹೋಯ್ತು ಅಂದ್ಕೊಂಡ್ರೆ ಅವ್ರು ಯಾವತ್ತೂ ಬರಲ್ಲ” ಎಂದಳು. ಅವಳ ಆ ಮಾತಿಗೇ ನಾನು ದಿನಾ ಸಂಜೆ ಫೋನಿನಲ್ಲಿ, ಕೆಂಪಗೆ ದಾಳಿಂಬೆ ಬೀಜದ ಹಾಗಿವೆ ಎಂದು ಸುಳ್ಳು ಹೇಳುತ್ತಾ ಬಂದೆ.

ಬಚ್ಚಲ ಜಾಡಿಯಲ್ಲಿ ಒಂದೂ ಸತ್ತಿರಲಿಲ್ಲ. ಅವಕ್ಕೆ ನೀನು ಪಂಪು ಕೊಟ್ಟಿರಲಿಲ್ಲವಲ್ಲ, ಹೊಗೆ ಹೋಗುವುದಾದರೂ ಹೇಗೆ? ಏನೂ ಆಗದವರಂತೆ ಪಾಚಿ ಮೇಯುತ್ತಿದ್ದವು. ನಿನ್ನ ಉಳಿದ ಕೆಂಪುಗಳಿಗೆ ಈ ಊರಿನಲ್ಲಿ ಬೇರೆ ಜಾಗವೇ ಇರಲಿಲ್ಲ. ಸಣ್ಣ ಕೊಳವೆಯಲ್ಲಿ ಜಾಡಿಯ ನೀರನ್ನು ತೊಟ್ಟು ತೊಟ್ಟಾಗಿ ಬೋಗುಣಿಗೆ ಇಳಿಸಿ, ಅವಕ್ಕೆ ಒಗ್ಗಿಸಿ, ಕಂದುಗಳ ನಡುವೆ ಬಿಟ್ಟೆ.

ಆಮೇಲಿನದು ನೀನೇ ಹೇಳಬಲ್ಲೆ. ತೊಟ್ಟಿಯನ್ನು ಮರಳು ಸಮೇತ ಬರಿದು ಮಾಡಿ, ತೊಳೆದು, ಒಣಗಿಸಿ, ಹೊಸ ಸ್ಪಂಜು ಹಾಕಿ, ಪಂಪನ್ನು ಒಳಗೆ ನನ್ನ ತಲೆದಿಂಬಿನ ಪಕ್ಕದ ಗೋಡೆಗೇ ಇಟ್ಟು, ಎಲ್ಲವನ್ನೂ ಅದರಲ್ಲಿ ಬಿಟ್ಟಿದ್ದೇನೆ. ಬಚ್ಚಲಿನವು ಹಜಾರಕ್ಕೆ ಬಂದಿವೆ. ದೀಪದ ಕೆಳಗೆ ನಿಂತು ನಿನ್ನ ಪಾಲಕ್ ತಿನ್ನುತ್ತಿವೆ. ನಿದ್ದೆ ಮಾತ್ರ ನನಗಿಲ್ಲ. ಹುಟ್ಟಿರುವ ಮರಿಗಳು ಹೆಚ್ಚಿನವು ಕಂದು, ಕೆಲವು ಗಾಜಿನಂತೆ ಬರಿ ಪಾರದರ್ಶಕ. ಇನ್ನು ನೀನು ಭೂತಗನ್ನಡಿಯಲ್ಲ, ದುರ್ಬೀನು ಹಿಡಿದರೂ ಬೇರ್ಪಡಿಸಲಾರೆ.

ಬೇಜಾರಾಯಿತಾ? ಆಗಲಿ. ನನಗೂ ಆಯಿತು, ಸುಳ್ಳು ಹೇಳುವುದಿಲ್ಲ. ಆ ಕೆಂಪಿಗೆ ನೀನು ಪಟ್ಟ ಪಾಡು ನಾನು ಕಂಡಿದ್ದೇನೆ. ಆದರೆ ಒಂದು ಕೇಳುತ್ತೇನೆ, ಎದೆ ಮುಟ್ಟಿ ಹೇಳು. ಕಡುಗೆಂಪಿಗೂ ಕಡುಗೆಂಪಿಗೂ ಹುಟ್ಟಿದ ಮರಿಗಳಲ್ಲೂ ಪ್ರತಿ ಸಲ ನಾಲ್ಕು ಕಂದು ಬರುತ್ತಿರಲಿಲ್ಲವೇ? ಯಾರಾದರೂ ನೋಡುವ ಮೊದಲೇ ನೀನು ಅವನ್ನು ಎತ್ತಿ ಬಚ್ಚಲಿಗೆ ಹಾಕುತ್ತಿರಲಿಲ್ಲವೇ? ಹಾಗಾದರೆ ಯಾವುದು ನಿನ್ನ ಶುದ್ಧ ತಳಿ? ನಿನ್ನ ಕೈಯಲ್ಲಿದ್ದ ಬಲೆಯೇ ತಾನೆ.

ಕೂಲಿಯವನ ಮಗ ಕೂಲಿಯೇ, ಕಳ್ಳನ ಮಗ ಕಳ್ಳನೇ ಎಂದು ನಮ್ಮನ್ನು ನೋಡಿ ಹೇಳುತ್ತಿದ್ದವರು ಯಾರು? ಯಾರ ವಿರುದ್ಧ ನಾವು ಬೀದಿಯಲ್ಲಿ ಒದೆ ತಿಂದೆವು? ಅವರ ಮಾತು ನಿನ್ನ ಬಾಯೊಳಗೆ ಯಾವ ಕಿಟಕಿಯಿಂದ ನುಗ್ಗಿತು? ಬಾಯ್ಲರ್‌ನವನು ಗೇಟು ದಾಟಿದ ದಿನ ಈ ಹುಡುಗ ಹಾಲು ಕುಡಿಯುವ ಕೂಸು. ಅವನು ಯಾವ ಗೇಟು ದಾಟಿದ, ಹೇಳು.

ಅವನ ಅಪ್ಪನನ್ನು ನಾನು ಕ್ಷಮಿಸಿಬಿಟ್ಟೆ ಎಂದುಕೊಳ್ಳಬೇಡ. ಅದು ನನ್ನೊಬ್ಬಳ ಕೈಯಲ್ಲಿಲ್ಲ. ಅವತ್ತು ಬಕೆಟ್ ಎಲ್ಲ ಕವುಚಿಟ್ಟ ಮೇಲೆ ಚಹಾ ಕೊಟ್ಟು ನೇರವಾಗಿಯೇ ಕೇಳಿದೆ, ಯಾಕೆ ಹೋದೆ ಎಂದು. ಹೆಂಡತಿಗೆ ಹುಷಾರಿರಲಿಲ್ಲ, ಸಾಲ ಇತ್ತು ಎಂದು ಏನಾದರೂ ಹೇಳುತ್ತಾನೆ, ಬೈಯೋಣ ಎಂದು ಕಾದೆ. “ಹೆದರಿಕೆ ಆಯ್ತಕ್ಕಾ, ಅಷ್ಟೇ” ಎಂದ. ಬೈಯಲು ಏನೂ ಉಳಿಸಲಿಲ್ಲ ಕಳ್ಳ.

ಮದುವೆ ಶುಕ್ರವಾರ, ಬೆಳಗ್ಗೆ ಹನ್ನೊಂದಕ್ಕೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಮಗಳು ನಿನಗೆ ಹೇಳಲು ಮೂರು ಸಲ ಫೋನು ಮಾಡಿದಳು, ನೀನು ಎತ್ತಲಿಲ್ಲ. ಅವಳು ದಿನ ಮುಂದಕ್ಕೆ ಹಾಕೋಣವೇ ಎಂದಳು. ನಾನು ಬೇಡ ಎಂದೆ. ನಿನ್ನ ಹಟ ಕರಗುವವರೆಗೆ ಕಾದರೆ ಹುಡುಗ ತನ್ನ ಹಲ್ಲಿನ ಸೆಟ್ಟು ತಾನೇ ಮಾಡಿಕೊಳ್ಳಬೇಕಾದೀತು. ನೀನು ಬಂದರೂ ಆಗುತ್ತದೆ, ಬಾರದಿದ್ದರೂ ಆಗುತ್ತದೆ. ಬಾರದಿದ್ದರೆ ಅವಳು ಎಲ್ಲರೆದುರು ನಗುತ್ತಾಳೆ. ಅವಳ ಆ ನಗು ಎಂಥದೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ಒಂದೇ ಕಚೇರಿಯಲ್ಲಿ ಆ ಬಾಯ್ಲರ್‌ನವನ ಜೊತೆ ಹೇಗೆ ನಿಲ್ಲಲಿ ಎಂದು ನೀನು ಕೇಳುತ್ತೀಯೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಮೊನ್ನೆ ಬಂದಾಗ ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ಹೇಳಿದ: “ಅಕ್ಕಾ, ಅವ್ರು ಬಂದ್ರೆ ಒಳಗೆ ಅವ್ರೇ ನಿಂತ್ಕೊಳ್ಲಿ. ನಾನು ಗೇಟಿನ ಹೊರಗಡೆ ಇರ್ತೀನಿ. ಮುಗಿಯೋವರ್ಗೂ ಅಲ್ಲೇ ಇರ್ತೀನಿ.” ಮಗನ ಮದುವೆಗೆ, ಕಣೋ. ನಾನು ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಅವನನ್ನು ಹೊರಗೆ ನಿಲ್ಲಿಸುತ್ತೀಯೋ ಒಳಗೆ ಕರೆಯುತ್ತೀಯೋ, ಅದು ನಿನ್ನ ಲೆಕ್ಕ. ನಾನು ಹೇಳುವುದಿಲ್ಲ. ಆದರೆ ಅದನ್ನು ನಿರ್ಧರಿಸಲು ನೀನು ಅಲ್ಲಿರಬೇಕು. ತಮ್ಮನ ಮನೆಯ ಸೋಫಾದ ಮೇಲೆ ಕೂತು ಅಲ್ಲ.

ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ. ನಿನಗೋಸ್ಕರ ಅಲ್ಲ, ಲಾಂಡ್ರಿಯವಳ ಗಂಡ ಮುದುಡಿದ ಅಂಗಿ ಹಾಕಿದ್ದಾನೆ ಎಂದು ಜನ ಆಡಿಕೊಳ್ಳಬಾರದಲ್ಲ.

ಇಷ್ಟಾದರೂ ನಿನ್ನವಳೇ ಆದ,
ಲಾಂಡ್ರಿಯವಳು

ಮರೆತೆ: ಕಚೇರಿಯಲ್ಲಿ ಮೂವರು ಸಾಕ್ಷಿಗಳ ಹೆಸರು ಮೊದಲೇ ಕೊಡಬೇಕಂತೆ, ನಿನ್ನೆ ಹೋಗಿದ್ದೆವು. ನಾನೊಬ್ಬಳು, ಟೈಲರ್ ಒಬ್ಬ. ಮೂರನೆಯವರು ಯಾರು ಎಂದು ಗುಮಾಸ್ತ ಕೇಳಿದ. ಹುಡುಗನ ಅಪ್ಪ ಜೇಬಿನಿಂದ ಪೆನ್ನು ತೆಗೆದಿದ್ದ. ಆ ಜಾಗಕ್ಕೆ ಜನ ಇದ್ದಾರೆ ಎಂದೆ. ಅವನು ಪೆನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ. ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಹೆಸರು ಬರೆಸಿದ್ದೇನೆ. ನೀನು ಬಾರದಿದ್ದರೆ ಅದನ್ನು ಹೊಡೆದುಹಾಕಿ, ಆ ತಿದ್ದುಪಡಿಯ ಪಕ್ಕದಲ್ಲಿ ಮದುಮಗಳೇ ಸಹಿ ಮಾಡಬೇಕಂತೆ.