ಆರು ಸೆಕೆಂಡಿನ ವಿಷಾದ

ಮಾಧ್ಯಮ ದೂರು ಪ್ರಾಧಿಕಾರದ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ, ಮಾನನಷ್ಟವನ್ನು ಅಳತೆಪಟ್ಟಿ ಹಿಡಿದು ಅಳೆಯಬಲ್ಲವರೇ, ವಿಚಾರಣೆಗೂ ವಿಶ್ರಾಂತಿಗೂ ಒಂದೇ ಕುರ್ಚಿ ಸಾಕೆನ್ನುವ ಸರಳ ಜೀವಿಗಳೇ! ತಮ್ಮ ಎಡಬಲದಲ್ಲಿ ಕೂತು ತಲೆದೂಗುವ ಸದಸ್ಯರೇ, ಅವರ ಬೆನ್ನ ಹಿಂದೆ ಸಾಲಾಗಿ ನಿಂತ ಬೀರುಗಳೇ, ಆ ಬೀರುಗಳೊಳಗೆ ಧೂಳು ಹೊದ್ದು ಮಲಗಿದ ದೂರುಗಳೇ, ತಾವೆಲ್ಲರೂ ಒಂದು ಗಳಿಗೆ ಎದ್ದು ಕೂತು ಕೇಳಬೇಕು.

ಒಂದು ಸುದ್ದಿವಾಹಿನಿ ನನ್ನ ಅಕ್ಕನನ್ನು ಎರಡು ದಿನ ಪೂರ್ತಿ ಕೂಸನ್ನು ಹಿಂಸಿಸಿದವಳೆಂದು ತೋರಿಸಿತು. ಆಕೆ ಹಿಂಸಿಸಿರಲಿಲ್ಲ. ಒಂಬತ್ತು ತಿಂಗಳ ನಂತರ ಅದೇ ವಾಹಿನಿ ಆರು ಸೆಕೆಂಡು ವಿಷಾದಿಸಿತು. ಆ ಆರು ಸೆಕೆಂಡಿಗೆ ನ್ಯಾಯವೆಂದು ಹೆಸರಿಟ್ಟು ತಾವು ಕಡತ ಮುಚ್ಚಿದಿರಿ. ನನ್ನ ತಕರಾರು ಇಷ್ಟೇ. ಮುಂದಿನದೆಲ್ಲ ವಿವರ. ವಿವರ ಓದುವ ಅಭ್ಯಾಸ ತಮ್ಮ ಕಚೇರಿಗಿಲ್ಲವೆಂದು ಗೊತ್ತಿರುವುದರಿಂದಲೇ ಇದನ್ನು ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಅಕ್ಕ ಇಪ್ಪತ್ತೆರಡು ವರ್ಷ ಒಂದು ಶಿಶುಪಾಲನಾ ಕೇಂದ್ರದಲ್ಲಿ ಆಯಾ ಆಗಿದ್ದಳು. ಒಂದು ಸಂಜೆ ಒಂದೂವರೆ ವರ್ಷದ ಕೂಸಿನ ತೋಳು, ತೊಡೆಗಳ ಮೇಲೆ ನೀಲಿ ಕಲೆಗಳು ಕಂಡವು. ತಾಯಿ ಹೆದರಿ ಆಸ್ಪತ್ರೆಗೆ ಓಡಿದಳು. ಆಸ್ಪತ್ರೆಯ ಬೆಂಚಿನ ಮೇಲಿದ್ದ ಯಾರೋ ಪುಣ್ಯಾತ್ಮರು ವಾಹಿನಿಗೆ ಫೋನು ಮಾಡಿದರು. ಮಾರನೆಯ ಬೆಳಿಗ್ಗೆ ಹತ್ತಕ್ಕೆ, ಕೇಂದ್ರದ ಗೋಡೆಯಲ್ಲಿದ್ದ ವಾರ್ಷಿಕೋತ್ಸವದ ಗುಂಪು ಚಿತ್ರ ಪರದೆಯ ಮೇಲೆ ಬಂತು. ಕೂಸೊಂದನ್ನು ಸೊಂಟದ ಮೇಲಿಟ್ಟುಕೊಂಡು ನಗುತ್ತಿದ್ದ ಅಕ್ಕನ ತಲೆಗೆ ಕೆಂಪು ವೃತ್ತ. ಕೆಳಗೆ ದಪ್ಪ ಅಕ್ಷರ: "ಲಾಲಿ ಹಾಡಿದ ಆಯಾ, ಕೂಸಿನ ಮೈಗೇಕೆ ಗಾಯ?"

ನಾಲ್ಕನೆಯ ದಿನ ರಕ್ತದ ವರದಿ ಬಂತು. ಕೂಸಿಗೆ ರಕ್ತದ ಕಾಯಿಲೆ. ಎತ್ತಿಕೊಂಡರೂ ಸಾಕು, ಮೈ ನೀಲಿಗಟ್ಟುತ್ತದೆ. ತಾಯಿ ತಾನೇ ನಮ್ಮ ಮನೆಗೆ ಬಂದು ಅತ್ತಳು, ಆಯಾ ನಿರಪರಾಧಿ ಎಂದು ಬರೆದೂ ಕೊಟ್ಟಳು. ತಮ್ಮ ಕಡತದಲ್ಲಿ ಅದು ನಾಲ್ಕನೆಯ ಲಗತ್ತು. ಓದಿದ ಗುರುತೇನೂ ಅದರ ಮೇಲಿಲ್ಲ, ಒಂದು ಚಹಾ ಲೋಟದ ವೃತ್ತವನ್ನು ಬಿಟ್ಟರೆ. ಅಕ್ಕನ ಅದೃಷ್ಟವೇ ಅಷ್ಟು, ಎಲ್ಲಿ ಹೋದರೂ ವೃತ್ತ.

ನಾನು ಪತ್ರಿಕೋದ್ಯಮ ಓದಿದವನು, ಅದೂ ಕನ್ನಡ ಮಾಧ್ಯಮದಲ್ಲಿ. ಈಗ ಸೋಪಿಗೆ, ಹಾಸಿಗೆಗೆ, ಹಲ್ಲುಪುಡಿಗೆ ಪ್ರಾಸ ಕಟ್ಟಿ ಹೊಟ್ಟೆ ಹೊರೆಯುತ್ತೇನೆ. ನಮಗೆ ಸಂವಹನ ಸಿದ್ಧಾಂತ ಎಂಬ ವಿಷಯವಿತ್ತು. ಸಂದೇಶವು ಬಂದೂಕಿನ ಗುಂಡಿನಂತೆ ಜನರ ತಲೆಗೆ ನೇರ ಹೊಗುತ್ತದೆ ಎಂದು ಹಳೆಯ ಪಂಡಿತರು ನಂಬಿದ್ದರಂತೆ. ಇಲ್ಲ, ಜನ ಅಷ್ಟು ದಡ್ಡರಲ್ಲ ಎಂದು ಹೊಸ ಪಂಡಿತರು ತಿದ್ದಿದರಂತೆ. ಹೊಸ ಪಂಡಿತರು ನಮ್ಮ ಕಟ್ಟಡದ ಲಿಫ್ಟಿನಲ್ಲಿ ಓಡಾಡಿದವರಲ್ಲ. ಅಕ್ಕ ಒಳಗೆ ಬಂದರೆ ತಾಯಂದಿರು ಮಕ್ಕಳನ್ನು ಇನ್ನೊಂದು ಬದಿಗೆ ಎಳೆದುಕೊಳ್ಳುತ್ತಾರೆ. ಈಗೀಗ ಅವರಿಗೆ ಆ ತೊಂದರೆಯೂ ಇಲ್ಲ; ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಅಕ್ಕ ತಾನೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ.

ಇನ್ನೊಂದು ಪಾಠವಿತ್ತು: ದ್ವಾರಪಾಲಕ. ಯಾವ ಸುದ್ದಿ ಒಳಗೆ ಬರಬೇಕು, ಯಾವುದು ಹೊರಗೇ ನಿಲ್ಲಬೇಕು ಎಂದು ಬಾಗಿಲಲ್ಲಿ ನಿಂತು ನಿರ್ಧರಿಸುವವನು. ಐದು ಅಂಕದ ಟಿಪ್ಪಣಿ. ನನಗೆ ನಾಲ್ಕೂವರೆ ಬಂದಿತ್ತು. ಆ ವಾಹಿನಿಯ ಬಾಗಿಲಲ್ಲಿ ಯಾರಿದ್ದರು? ಅಲ್ಲಿಯ ಪರದೆಗೆ ಸಾಲು ಬರೆಯುವ ನನ್ನ ಪರಿಚಯದವನೊಬ್ಬ ಹೇಳಿದ್ದನ್ನು ತಮಗೂ ಹೇಳುತ್ತೇನೆ. ವಾಹಿನಿ ತನ್ನ ಸಾಲುಗಳನ್ನು ತಾನೇ ಬರೆಯುವುದಿಲ್ಲ. ಬಟ್ಟೆಯಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾಲ್ಕು ಕಂಪ್ಯೂಟರುಗಳ ಪುಟ್ಟ ಕಚೇರಿಯಿದೆ. ಸಾಲುಗಳು ಅಲ್ಲಿಂದ ಬರುತ್ತವೆ. ಮೊದಲು ಸಾಲು, ಆಮೇಲೆ ಫೋಟೊ, ಸತ್ಯ ಸಿಕ್ಕರೆ ಕೊನೆಗೆ. "ಆಯಾ, ಕೂಸು, ಮೈಮೇಲೆ ಗುರುತು, ಬೇಗ" ಎಂದು ವಾಹಿನಿಯಿಂದ ಸಂದೇಶ ಬಂತಂತೆ. ನಾಲ್ಕು ನಿಮಿಷದಲ್ಲಿ ಸಾಲು ಸಿದ್ಧವಾಯಿತಂತೆ. ನಾಲ್ಕೂ ಮೇಜಿನವರು ಚಪ್ಪಾಳೆ ತಟ್ಟಿದರಂತೆ. ಕೊನೆಯ ಪ್ರಶ್ನಾರ್ಥಕ ಚಿಹ್ನೆ ಮಾತ್ರ ವಕೀಲರ ಸಲಹೆಯಂತೆ.

ಆ ವಕೀಲರನ್ನು ತಮ್ಮ ವಿಚಾರಣಾ ಕೊಠಡಿಯಲ್ಲೇ ಕಂಡೆ. "ನಾವು ಆರೋಪ ಮಾಡಿಲ್ಲ, ಪ್ರಶ್ನೆ ಕೇಳಿದ್ದೇವೆ, ಪ್ರಶ್ನೆ ಕೇಳುವುದೇ ನಮ್ಮ ಧರ್ಮ" ಎಂದರು. ತಾವು ತಲೆದೂಗಿ ಬರೆದುಕೊಂಡಿರಿ. ಸಂತೋಷ. ಹಾಗಾದರೆ ನಾನೂ ಧರ್ಮ ಪಾಲಿಸುತ್ತೇನೆ. ಮಧ್ಯಾಹ್ನದ ವಿಚಾರಣೆಯಲ್ಲಿ ಅಧ್ಯಕ್ಷರು ಗೊರಕೆ ಹೊಡೆದರೇ? ಎಡಗಡೆಯ ಸದಸ್ಯರು ಕಡತದೊಳಗೆ ಪದಬಂಧ ಬಿಡಿಸುತ್ತಿದ್ದರೇ? ಇದ್ಯಾವುದೂ ಆರೋಪವಲ್ಲ, ಸ್ವಾಮಿ. ಬರೀ ಪ್ರಶ್ನೆ.

ಆ ವಿಚಾರಣೆಯನ್ನು ಸ್ವಲ್ಪ ನೆನಪಿಸಬೇಕು. ಪ್ರಸಾರದ ದೃಶ್ಯಮುದ್ರಣವನ್ನು ದೂರುದಾರರೇ ಮೂರು ಸಿ.ಡಿ.ಗಳಲ್ಲಿ ತರಬೇಕೆಂದು ತಮ್ಮ ನಿಯಮ. ಸಿ.ಡಿ. ಮಾರುವ ಅಂಗಡಿಗಾಗಿ ಮೂರು ದಿನ ಅಲೆದೆ. ತಂದು ಕೊಟ್ಟರೆ, ತಮ್ಮ ಕಂಪ್ಯೂಟರಿಗೆ ಸಿ.ಡಿ. ನುಂಗುವ ಬಾಯೇ ಇರಲಿಲ್ಲ. ಕೊನೆಗೆ ಗುಮಾಸ್ತರು ಅಕ್ಕನತ್ತ ತಿರುಗಿದರು.

"ನಿಮ್ ಫೋನಲ್ಲಿ ಇದ್ಯೇನಮ್ಮಾ?"

"ಇದೆ ಸರ್. ನಲವತ್ತು ಜನ ಕಳ್ಸಿದಾರೆ. ಯಾರ್ದು ಹಾಕ್ಲಿ?"

ಮೂರು ಸಲ ಹಾಕಿಸಿದಿರಿ. ಒಮ್ಮೆ ತಮಗೆ, ಒಮ್ಮೆ ತಡವಾಗಿ ಬಂದ ಸದಸ್ಯರಿಗೆ, ಒಮ್ಮೆ ಸೆಕೆಂಡು ಎಣಿಸುವುದಕ್ಕೆ. ಫೋನು ಹಿಡಿದು ನಿಂತಿದ್ದವಳು ಅಕ್ಕನೇ. ಮೂರನೆಯ ಸಲ ಮುಗಿದು ಗುಮಾಸ್ತರು ಕಡತ ಕಟ್ಟುವಾಗ ಅವರ ಬಾಯಲ್ಲಿ ತನ್ನಷ್ಟಕ್ಕೆ ಗುನುಗು ಹೊರಟಿತು: ಲಾಲಿ ಹಾಡಿದ ಆಯಾ...

ಅಕ್ಕ ನಕ್ಕಳು. "ರಾಗಕ್ಕೆ ಚೆನ್ನಾಗಿ ಕೂತಿದೆ ಅಲ್ವಾ ಸರ್? ನಮ್ಮ ಬೀದಿ ಮಕ್ಕಳೂ ಹಿಂಗೇ ಹಾಡ್ತವೆ."

ಗುಮಾಸ್ತರು ಕೆಮ್ಮಿದರು. ತಾವು ಕೆಮ್ಮಲೂ ಇಲ್ಲ. ಗಾಬರಿ ಮುಚ್ಚಿಕೊಳ್ಳಲೋ ಏನೋ ಗುಮಾಸ್ತರೇ ಕೇಳಿದರು: "ಇದನ್ನ ಬರೆದೋರು ಯಾರು ಅಂತ ಗೊತ್ತಾಯ್ತೇನಮ್ಮಾ?"

"ಗೊತ್ತಿಲ್ಲ ಸರ್. ಯಾರೋ ಏನೋ. ಪಾಪ, ಅವ್ರಿಗೆ ಅಕ್ಕತಂಗೀರು ಇರ್ಲಿಕ್ಕಿಲ್ಲ ಬಿಡಿ."

ವಾಹಿನಿಯೂ ಅದನ್ನೇ ಹೇಳಿತು, ಕಾನೂನಿನ ಭಾಷೆಯಲ್ಲಿ: "ಸದರಿ ಸಾಲು ಸಾಮೂಹಿಕ ಪ್ರಯತ್ನವಾಗಿದ್ದು, ವ್ಯಕ್ತಿಯನ್ನು ಗುರುತಿಸಲು ಸಾಧ್ಯವಿಲ್ಲ." ಗುಂಪು ಚಿತ್ರದಲ್ಲಿ ಅಕ್ಕನನ್ನು ಗುರುತಿಸಲು ಅವರಿಗೆ ಕೆಂಪು ವೃತ್ತ ಸಿಕ್ಕಿತ್ತು. ನಾಲ್ಕು ಕಂಪ್ಯೂಟರುಗಳ ನಡುವೆ ಒಬ್ಬನನ್ನು ಗುರುತಿಸಲು ಸಿಗಲಿಲ್ಲ. ತಾವು ಅದನ್ನೂ ಬರೆದುಕೊಂಡಿರಿ.

ಆಮೇಲೆ ಬಂತು ಆ ವಿಷಾದ. ಒಂದು ಮಂಗಳವಾರ ಮಧ್ಯಾಹ್ನ ಎರಡು ನಲವತ್ತಕ್ಕೆ, ಪರದೆಯ ತೀರಾ ಕೆಳಗೆ, ಚಿನ್ನದ ದರಕ್ಕೂ ಹವಾಮಾನಕ್ಕೂ ನಡುವೆ: "ಶಿಶುಪಾಲನಾ ಕೇಂದ್ರದ ವರದಿಯಲ್ಲಿ ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ." ಯಾರ ವರದಿ, ಯಾರಿಗೆ ಅನನುಕೂಲ, ಯಾವ ಆಯಾ? ಹೆಸರಿಲ್ಲ, ಮುಖವಿಲ್ಲ, ಪ್ರಾಸವಂತೂ ಇಲ್ಲವೇ ಇಲ್ಲ. ನೀರು ಸರಬರಾಜು ವ್ಯತ್ಯಯದ ಪ್ರಕಟಣೆಯಲ್ಲಿ ಇದಕ್ಕಿಂತ ಹೆಚ್ಚು ಪಶ್ಚಾತ್ತಾಪ ಇರುತ್ತದೆ.

ಇದರ ನಡುವೆ ಆ ಸುದ್ದಿ ಸಮುದ್ರವನ್ನೂ ದಾಟಿತ್ತು. ಯಾವುದೋ ದೇಶದ ಜಾಲತಾಣ ಅದನ್ನು ಯಂತ್ರದಿಂದ ಅನುವಾದಿಸಿ, ಅಕ್ಕನ ನಗುಮುಖದ ಸಮೇತ ಹಾಕಿತು. ಕೆಳಗೆ ಮುನ್ನೂರು ಅಭಿಪ್ರಾಯಗಳು. ಅಕ್ಕ ಒಂದರ ಮೇಲೆ ಬೆರಳಿಟ್ಟು, "ಇದರಲ್ಲಿ ಏನಂತ ಬರ್ದಿದಾರೋ?" ಎಂದಳು. ಅವಳ ಎರಡೂ ಕೈ ಕತ್ತರಿಸಬೇಕು ಎಂದಿತ್ತು. "ಹುಷಾರಾಗಿರಿ ಅಂತ ಬರ್ದಿದಾರೆ" ಎಂದೆ. "ಪಾಪ, ಅಷ್ಟು ದೂರದಿಂದ" ಎಂದಳು. ಇದನ್ನು ತಮ್ಮ ಮುಂದಿಟ್ಟಾಗ, "ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದಿರಿ. ವಾಹಿನಿಯ ಸುಳ್ಳು ಸಮುದ್ರ ದಾಟುತ್ತದೆ. ತಮ್ಮ ವ್ಯಾಪ್ತಿ ತಮ್ಮ ಕಚೇರಿಯ ಕಾಲೊರೆಸುವ ಚಾಪೆಯನ್ನೂ ದಾಟುವುದಿಲ್ಲ.

ಅಕ್ಕ ಈಗ ಲಾಂಡ್ರಿಯೊಂದರ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾಳೆ. ಹಸುಗೂಸುಗಳ ಅಂಗಿ ಬಂದರೆ ಅವನ್ನು ಕೊನೆಗೆ ಎತ್ತಿಟ್ಟುಕೊಂಡು ನಿಧಾನವಾಗಿ ಮಡಿಸುತ್ತಾಳೆ. ಕೇಂದ್ರದ ಒಡತಿ ಕೆಟ್ಟವರಲ್ಲ. "ತಪ್ಪಾಯ್ತು ಅಂತ ಟೀವೀಲಿ ಅಷ್ಟೇ ದೊಡ್ಡದಾಗಿ ಬರ್ಲಿ, ಮಾರನೇ ದಿನವೇ ಬಂದ್ಬಿಡಿ" ಎಂದಿದ್ದಾರೆ. ಹಾಗಾಗಿ ನನ್ನ ಬೇಡಿಕೆ ತಮಗೆ ಅರ್ಥವಾಗುವಷ್ಟು ಚಿಕ್ಕದು: ಕಡತ ತೆರೆಯಿರಿ. ಎರಡು ದಿನ ಸುಳ್ಳು ಹೇಳಿದ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಅದೇ ನಿರೂಪಕನ ಬಾಯಲ್ಲಿ, ಎರಡು ದಿನ ನಿಜ ಹೇಳಿಸಿ. ರಕ್ತದ ವರದಿ ಓದಿಸಿ. ಅಕ್ಕನ ಮುಖ ತೋರಿಸಿ, ವೃತ್ತವಿಲ್ಲದೆ.

ಇಲ್ಲಿಗೆ ಮುಗಿಸಿ ಸಹಿ ಹಾಕುವವನಿದ್ದೆ.

ತಮ್ಮ ಮುಕ್ತಾಯದ ಪತ್ರ ಬಂದ ದಿನ ಅಕ್ಕ ಅದನ್ನು ಎರಡು ಸಲ ಓದಿ, ಅಂಗಿಯ ಹಾಗೆ ನೀಟಾಗಿ ಮಡಿಸಿದಳು. "ಹೋಗ್ಲಿ ಬಿಡೋ. ನೀನೇ ಒಂದು ಸಾಲು ಬರ್ಕೊಡು. ಪ್ರಾಸ ಇರ್ಲಿ. ಅವ್ರದ್ದು ಪ್ರಾಸ ಇದ್ದಿದ್ದಕ್ಕೇ ತಾನೇ ಜನಕ್ಕೆ ಅಂಟ್ಕೊಂಡಿದ್ದು? ನಿಂಗೆ ಚಿಕ್ಕಂದಿನಿಂದ್ಲೂ ಬರತ್ತಲ್ಲ" ಎಂದಳು. ಬರುತ್ತದೆ, ಯಾಕೆಂದರೆ ಕಲಿಸಿದವಳು ಅವಳೇ. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಪದಕ್ಕೆ ಪದ ಕಟ್ಟಿ ಲಾಲಿ ಹೇಳುತ್ತಿದ್ದಳು; ಒಂದು ಪದ ಬಿಟ್ಟು ನನ್ನ ಬಾಯಿಂದ ತುಂಬಿಸುತ್ತಿದ್ದಳು. ಒಂದು ವಾರ ಕೂತೆ. ಒಂದು ಸಾಲೂ ಹುಟ್ಟಲಿಲ್ಲ. ಆಯಾ ಎಂದು ಬರೆದೊಡನೆ ಕೈ ತಾನಾಗಿ ಗಾಯ ಎಂದು ಬರೆಯಿತು. ಅದಕ್ಕೆ ರೂಢಿಯಾಗಿದೆ.

ಆ ಪರಿಚಯದವನು ನಾನೇ. ಆ ಮಹಡಿಯ ಮೂರನೆಯ ಕಂಪ್ಯೂಟರು ನನ್ನದು. ಒಂದು ಗಳಿಗೆ ಸೋಪು ಬರೆಯುತ್ತೇನೆ, ಇನ್ನೊಂದು ಗಳಿಗೆ ವಾಹಿನಿ ಹೇಳಿದ್ದನ್ನು; ಅಕ್ಕನಿಗೆ ಸೋಪು ಮಾತ್ರ ಗೊತ್ತು. ಸಾಲು ಬರೆದಾಗ ಅದು ಯಾರ ಬಗ್ಗೆ ಎಂದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಫೋಟೊ ಬಂದಾಗ ಪ್ರಸಾರಕ್ಕೆ ಮುಕ್ಕಾಲು ನಿಮಿಷವಿತ್ತು. ಅಕ್ಕನ ಮುಖ ಗುರುತಾಯಿತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನಾನು ಸುಮ್ಮನಿದ್ದೆ. ಆ ಆರು ಸೆಕೆಂಡಿನ ವಿಷಾದ ಬರೆದವನೂ ನಾನೇ. ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ತಾವು ಕಡತ ಮುಚ್ಚಿದಿರೆಂದು ತಿಳಿದಾಗ, ತಮ್ಮನ್ನು ಬೈಯುವ ಮೊದಲು ನಾನೊಂದು ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದೆ.

ತಮ್ಮ ಅರ್ಜಿಯಲ್ಲಿ ಒಂಬತ್ತನೆಯ ಕಾಲಂ ಒಂದಿದೆ: "ಸದರಿ ಅಂಶವನ್ನು ಬರೆದವರು, ತಿಳಿದಿದ್ದಲ್ಲಿ." ಅಕ್ಕ ಹೇಳುತ್ತಾ ಹೋದಳು, ನಾನು ತುಂಬುತ್ತಾ ಹೋದೆ. "ಒಂಬತ್ತಕ್ಕೆ ಗೊತ್ತಿಲ್ಲ ಅಂತ ಬರಿ" ಎಂದಳು. ಬರೆದೆ, ದುಂಡಗಿನ ಅಕ್ಷರದಲ್ಲಿ. ಅದನ್ನು ತಿದ್ದಿಕೊಳ್ಳಿ. ಅಕ್ಕ ಈ ಪತ್ರವನ್ನು ತಮ್ಮ ಜೊತೆಗೇ, ಪತ್ರಿಕೆಯಲ್ಲೇ ಓದುತ್ತಾಳೆ. ಬಾಯಿಬಿಟ್ಟು ಹೇಳುವಷ್ಟು ಗಂಡಸು ನಾನಲ್ಲ. ಅವಳು ಅಂದು ವಿಚಾರಣೆಯಲ್ಲಿ ಹೇಳಿದ್ದು ತಮ್ಮ ದಾಖಲೆಯಲ್ಲಿದ್ದರೆ ಅದನ್ನೂ ತಿದ್ದಬೇಕು. ಬರೆದವನಿಗೆ ಅಕ್ಕ ಇದ್ದಾಳೆ.

ಇಂತಿ,
ನಾಲ್ಕೂವರೆ ಅಂಕದ ದ್ವಾರಪಾಲಕ