ಮೂವತ್ತೆಂಟನೇ ಸಾಲಿನ ಅತ್ತೆ

3 ನವೆಂಬರ್ 2025, ಸೋಮವಾರ

ಶಾಲೆ ಆಫೀಸಿನಿಂದ ಬರುವಷ್ಟರಲ್ಲಿ ಅತ್ತೆ ಹಿಟ್ಟು ನಾದಿಟ್ಟಿದ್ದರು. ರೊಟ್ಟಿ ಬಡಿಯುತ್ತಲೇ ಸುದ್ದಿ ಹೇಳಿದೆ — ನಮ್ಮ ಬುದ್ಧವಿಹಾರದ ತಂಡ ಜನವರಿಯಲ್ಲಿ ಬೋಧಗಯಾಕ್ಕೆ ಹೊರಟಿದೆ. ಹೈದರಾಬಾದಿನಿಂದ ವಿಮಾನ. ಇಬ್ಬರೂ ಹೋಗೋಣ ಎಂದೆ.

"ನನ್ನಂಥಾಕಿನ್ನ ಅದ್ರಾಗ ಕುಂದ್ರಸ್ಕೋತಾರೇನವ್ವಾ?"

ಅರವತ್ತೆಂಟು ವಯಸ್ಸು. ನಲವತ್ತು ವರ್ಷ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿದವರು. ನಗು ಬಂತು. 

8 ನವೆಂಬರ್, ಶನಿವಾರ

ಯಾದಗಿರಿ. ಸ್ಟೇಶನ್ ಹತ್ತಿರ ಹುಲಗಪ್ಪನ ಟ್ರಾವೆಲ್ಸ್. ತಂಡದ ಉಳಿದವರದ್ದು ಆಗಲೇ ಬುಕ್ ಆಗಿದೆ.

"ತಡ ಮಾಡಿದ್ರಿ ಮೇಡಂ. ಗಯಾಕ್ಕ ಹೋಗೋ ಮಂದಿ ಈ ವರ್ಷ ಭಾಳ ಆಗ್ಯಾರ. ಆ ವಿಮಾನದಾಗ ಒಂದೇ ಸೀಟ್ ಅದ. ಯಾರ ಹೆಸರು ಹಾಕ್ಲಿ?"

ನನ್ನ ಹೆಸರು ಹೇಳಿದೆ.

ಅತ್ತೆ ಒಬ್ಬರೇ ಹೋಗಲಾರರು, ಅದಕ್ಕೇ... ಬಸ್ಸು ಭೀಮಾ ಸೇತುವೆ ದಾಟುವ ಹೊತ್ತಿಗೆ ಆ ನೆಪ ನನಗೇ ಸಾಲಲಿಲ್ಲ. ನಿಜ ಇಷ್ಟೇ — ನನಗೆ ಹೋಗಬೇಕಿತ್ತು.

9 ನವೆಂಬರ್

ಹೇಳಿದೆ. ಅತ್ತೆಯ ಮುಖ ಒಂದಿಷ್ಟೂ ಬಾಡಲಿಲ್ಲ.

"ಛಲೋ ಆತು. ನೀ ಹೋಗಿ ಬಾರವ್ವಾ ಪರಿಮಳಾ. ನನಗ ಇಲ್ಲೇ ಬೆಟ್ಟದಾಗ ಬುದ್ಧ ಮಲಗ್ಯಾನಲ್ಲ. ದಿನಾ ಕಾಣಸ್ತಾನ." ಊರ ಬೆಟ್ಟದ ಸಾಲು ದೂರದಿಂದ ಮಲಗಿದ ಬುದ್ಧನ ಹಾಗೇ ಕಾಣುತ್ತದೆ.

ಒಳಗೆ ಹೋಗಿ ಒಂದು ಸ್ವೆಟರ್ ತಂದು ನನ್ನ ಮಡಿಲಿಗೆ ಹಾಕಿದರು. ಅಲ್ಲಿ ಥಂಡಿ ಭಾಳಂತೆ. ಅಂಗಡಿಯ ಚೀಟಿ ಕಿತ್ತಿರಲಿಲ್ಲ. ಅಳತೆ ಅವರದು.

10 ನವೆಂಬರ್, ಬೆಳಿಗ್ಗೆ

ಹುಲಗಪ್ಪನಿಗೆ ಫೋನ್ ಮಾಡಿದೆ. ನನ್ನ ಹೆಸರು ತೆಗೆದು ಅತ್ತೆಯ ಹೆಸರು, ಮೋನಮ್ಮ ಅಂತ ಹಾಕು, ತಂಡದವರು ನೋಡಿಕೊಳ್ಳುತ್ತಾರೆ ಎಂದೆ.

"ತಿಕೀಟಿನ ಮ್ಯಾಲಿನ ಹೆಸರು ಬದಲಾಗಂಗಿಲ್ರಿ. ಕ್ಯಾನ್ಸಲ್ ಮಾಡಿದ್ರ ಸೀಟ್ ಮತ್ತ ಯಾರ ಪಾಲಾಗ್ತದೋ!"

ಬಾಗಿಲ ಹಿಂದೆ ಅತ್ತೆ ಕೇಳಿಸಿಕೊಂಡಿದ್ದರು. "ಹುಚ್ಚಿ ಅದಿ," ಎಂದು ಬೈದರು. ಚಹಾ ಕೊಟ್ಟರು. ಸಕ್ಕರೆ ಎರಡು ಚಮಚ ಹೆಚ್ಚೇ ಹಾಕಿದ್ದರು.

17 ಡಿಸೆಂಬರ್

ಬರೆಯದೇ ತಿಂಗಳ ಮೇಲಾಯಿತು. ಬರೆಯಲು ಮನಸ್ಸಿರಲಿಲ್ಲ. ಇವತ್ತು ಬರೆಯದೇ ಇರಲಾರೆ!

ಮಧ್ಯಾಹ್ನ ಹುಲಗಪ್ಪನ ಫೋನ್. "ಮೇಡಂ, ಮಂದಿ ಹೆಚ್ಚಾಗ್ಯಾರಂತ ಆ ದಾರಿಗಿ ದೊಡ್ಡ ವಿಮಾನ ಹಾಕ್ಯಾರ್ರಿ! ಐವತ್ತು ಸೀಟ್ ಜಾಸ್ತಿ. ನಿಮ್ಮ ಅತ್ತಿಯವರ ಆಧಾರ್ ಲಗೂನ ಕಳಸ್ರಿ."

ಎಚ್‌ಎಂ ಅವರಿಗೆ ಹೇಳಿ ಮನೆಗೆ ಓಡಿದೆ. ಅತ್ತೆ ಕೇಳಿ ಪೆಟ್ಟಿಗೆಯಿಂದ ಆಧಾರ್ ಕಾರ್ಡ್ ತೆಗೆದು ಕೊಟ್ಟರು. ಆಮೇಲೆ —

"ನನ್ನ ಸಲವಾಗಿ ವಿಮಾನಾನೇ ದೊಡ್ಡದು ಮಾಡಿದ್ರೇನು?"

"ಹೌದತ್ತಿ."

ಆ ಗಳಿಗೆಯಲ್ಲೇ ಹೇಳಿಬಿಟ್ಟೆ. ಆ ಸೀಟು ಆಸೆಪಟ್ಟೇ ಹಿಡಿದದ್ದು, ನೀವು ಒಬ್ಬರೇ ಹೋಗಲಾರಿರಿ ಅನ್ನೋದು ಬರೀ ನೆಪ ಅಂತ.

"ಗೊತ್ತದ ಬಿಡು. ನಿನ್ನ ವಯಸ್ಸಿನ್ಯಾಗ ನನಗೂ ಆಸಿ ಇತ್ತು. ನಮ್ಮೂರಿಗಿ ಬಸ್ಸೇ ಇರಲಿಲ್ಲ."

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಕಣ್ಣೀರೂ ಹಾಕಿದೆ.

11 ಜನವರಿ 2026, ಭಾನುವಾರ, 10.40

ಆಕಾಶದಲ್ಲಿ. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಸೀಟು ಬೇರೆ ಬೇರೆ ಸಿಕ್ಕವು. ನನಗೆ ಒಂಬತ್ತನೇ ಸಾಲು, ಅತ್ತೆಗೆ ಮೂವತ್ತೆಂಟು. ತಂಡದವರೆಲ್ಲ ನಡುವೆಲ್ಲೋ. ಬೆಲ್ಟ್ ನಾನೇ ಹೋಗಿ ಹಾಕಿ ಬಂದೆ. "ಹೆದರಬ್ಯಾಡ," ಎಂದರು — ನನಗೆ! ವಿಮಾನ ಮೇಲೇಳುವಾಗ ಹಿಂದೆ ತಿರುಗಿದೆ. ಬರೀ ತಲೆಗಳು. ಅವರು ಅಲ್ಲಿ ಒಬ್ಬರೇ ಕಣ್ಣು ಮುಚ್ಚಿ ಕೂತಿರಬಹುದು, ನೀರು ಕೇಳಲೂ ಭಾಷೆ ಬಾರದು ಅಂತ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದೆ.

ಈಗ ಒಬ್ಬ ಗೃಹಸ್ಥರು ಚೀಲ ಹಿಡಿದು ಬಂದು ಪಕ್ಕದಲ್ಲಿ ನಿಂತಿದ್ದಾರೆ. ಹಿಂದಿಯವರು. ಮೂವತ್ತೆಂಟರಲ್ಲಿ ಅತ್ತೆಯ ಪಕ್ಕ ಕೂತವರಂತೆ. "ನಿಮ್ಮ ಅಮ್ಮ ನಿಮ್ಮ ಕಡೆ ಬೆರಳು ತೋರಿಸಿ ಎಬ್ಬಿಸಿ ಕಳಿಸಿದರು, ನನ್ನ ಸೀಟು ಇನ್ನು ನಿಮ್ಮದು. ಒಂದು ಮಾತೂ ತಿಳಿಯಲಿಲ್ಲ, ಆದರೆ ಏಳಲೇಬೇಕಾಯಿತು," ಎಂದು ನಗುತ್ತಿದ್ದಾರೆ. ಕೈಯಲ್ಲಿ ನಮ್ಮನೆಯ ಶೇಂಗಾ ಉಂಡಿ.

ಏಳಬೇಕು. ಅಷ್ಟು ಸಾಲು ದಾಟಬೇಕು. ಅಲ್ಲಿ ದೂರದಲ್ಲಿ ಒಂದು ಕೈ ಮೇಲೆದ್ದಿದೆ, ಹೊಲದ ಆ ಬದುವಿನಿಂದ ಕರೆಯುವ ಹಾಗೆ, ಜೋರಾಗಿ, ಎಲ್ಲರೂ ತಿರುಗಿ ನೋಡುವಂತೆ — "ಪರಿಮಳಾ, ಬಾರವ್ವಾ ಲಗೂನ, ಮೋಡ ಕೆಳಗದಾವ —"

ಬಂದೆ ಅತ್ತಿ, ಬಂದೆ —